ಬಿದ್ದ ಮರದ ಮುಂದೆ ಅವಸರ ಬೇಡ

ಮಧ್ಯಾಹ್ನದವರೆಗೂ ಎಲೆ ಅಲುಗದಷ್ಟು ಸೆಕೆ. ಅಸರ್ ನಮಾಝ್ ಮುಗಿಯುವ ಹೊತ್ತಿಗೆ ಘಟ್ಟದ ಕಡೆಯಿಂದ ಕಪ್ಪು ಮೋಡ. ಆಮೇಲೆ ಅರ್ಧ ಗಂಟೆಯ ಗಾಳಿ. ಬೆಳಗ್ಗೆ ಎದ್ದು ನೋಡಿದರೆ ಅಂಗಳಕ್ಕೆ ಅಡ್ಡವಾಗಿ ಹಲಸಿನ ಮರ, ಹಟ್ಟಿಯ ಮಾಡಿನ ಮೇಲೆ ತೆಂಗು, ತೋಟದಲ್ಲಿ ಸಾಲಾಗಿ ಮುರಿದ ಅಡಿಕೆ. ಕರಾವಳಿಯ ಹಳ್ಳಿಗಳಿಗೆ ಎಪ್ರಿಲ್-ಮೇ ತಿಂಗಳ ಈ ದೃಶ್ಯ ಹೊಸದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಸಾಗಿ ಹೋದಾಗಲೂ ನಮ್ಮ ಕರಾವಳಿಯಲ್ಲಿ ಮರಗಳು, ವಿದ್ಯುತ್ ಕಂಬಗಳು ಉರುಳಿದ್ದವು.

ಗಂಡಸರು ಗಲ್ಫ್‌ನಲ್ಲೋ ಪೇಟೆಯ ಅಂಗಡಿಯಲ್ಲೋ ಇರುವ ಮನೆಗಳಲ್ಲಿ ಆ ಬೆಳಗ್ಗೆ ತೀರ್ಮಾನ ತೆಗೆದುಕೊಳ್ಳಬೇಕಾದವಳು ಗೃಹಿಣಿ. ನೆರೆಮನೆಯ ಹುಡುಗರು ಕತ್ತಿ, ಕೊಡಲಿ ಹಿಡಿದು ಸಹಾಯಕ್ಕೆ ಓಡಿ ಬರುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಗಾಳಿಯಿಂದ ಪಾರಾದವರು ಮರ ತೆರವು ಮಾಡುವಾಗ ಗಾಯಗೊಳ್ಳುವುದುಂಟು, ಜೀವ ಕಳೆದುಕೊಳ್ಳುವುದೂ ಉಂಟು. "ಸ್ವಲ್ಪ ನಿಲ್ಲಿ ಮಕ್ಕಳೇ" ಎಂದು ಹೇಳುವ ಧೈರ್ಯ ಮನೆಯಾಕೆಗೆ ಇರಬೇಕು.

ಮೊದಲು ತಂತಿ ನೋಡಿ

ಕೊಂಬೆಗಳ ಅಡಿಯಲ್ಲಿ ವಿದ್ಯುತ್ ತಂತಿ ಸಿಕ್ಕಿಕೊಂಡಿದೆಯೇ? ಮನೆಯಲ್ಲಿ ಕರೆಂಟ್ ಇಲ್ಲವೆಂದ ಮಾತ್ರಕ್ಕೆ ತಂತಿಯಲ್ಲೂ ಇಲ್ಲವೆಂದು ತಿಳಿಯಬೇಡಿ. ಹಸಿ ಮರವೂ ಒದ್ದೆ ನೆಲವೂ ವಿದ್ಯುತ್ತನ್ನು ಹರಿಸುತ್ತವೆ. 1912ಕ್ಕೆ ಫೋನ್ ಮಾಡಿ ತಿಳಿಸಿ. ಲೈನ್‌ಮ್ಯಾನ್ ಬಂದು ಖಚಿತಪಡಿಸುವವರೆಗೆ ಮಕ್ಕಳನ್ನೂ ದನಗಳನ್ನೂ ಅತ್ತ ಬಿಡಬೇಡಿ.

ಬಾಗಿದ ಮರದೊಳಗಿನ ಶಕ್ತಿ

ಬಿದ್ದ ಮರ ಸತ್ತಂತೆ ಮಲಗಿದ್ದರೂ ಅದರೊಳಗೆ ಬಿಗಿತವಿರುತ್ತದೆ. ದೊಡ್ಡ ಕಾಂಡದ ಅಡಿಯಲ್ಲಿ ಬಾಗಿ ಸಿಕ್ಕಿಕೊಂಡ ಕೊಂಬೆಯನ್ನು ಕಡಿದರೆ ಅದು ಬಿಲ್ಲಿನಂತೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಬೇರು ಸಮೇತ ಬಿದ್ದ ಮರದ ಕಾಂಡವನ್ನು ಕತ್ತರಿಸಿದೊಡನೆ, ಎದ್ದು ನಿಂತ ಬೇರಿನ ಗುಡ್ಡೆ ಮತ್ತೆ ಗುಂಡಿಗೆ ಮರಳಿ ಬೀಳುವುದೂ ಇದೆ. ಮಕ್ಕಳಿಗೆ ಆಟವಾಡಲು ಇಷ್ಟವಾಗುವ ಜಾಗವೂ ಅದೇ ಗುಂಡಿ. ಕಡಿಯುವ ದಿನ ಅವರನ್ನು ಮನೆಯೊಳಗೇ ಇರಿಸಿ.

ಇನ್ನೊಂದು ಮರಕ್ಕೆ ಒರಗಿ ನಿಂತ ಮರ ಎಲ್ಲಕ್ಕಿಂತ ಅಪಾಯಕಾರಿ. ಅದನ್ನು ಮತ್ತು ಮಾಡಿನ ಮೇಲೆ ಬಿದ್ದುದನ್ನು ಅನುಭವಿ ಮರ ಕಡಿಯುವವರಿಗೇ ಬಿಟ್ಟುಬಿಡಿ. ಅವರ ಒಂದು ದಿನದ ಕೂಲಿ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆ.

ಕಡಿಯುವ ಮೊದಲು ಫೋಟೋ

ಮನೆ, ಹಟ್ಟಿ, ತೋಟದ ಹಾನಿಯನ್ನು ಮೊಬೈಲ್‌ನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಗ್ರಾಮ ಆಡಳಿತ ಅಧಿಕಾರಿಗೆ ಅಂದರೆ ಹಿಂದಿನ ಗ್ರಾಮ ಲೆಕ್ಕಿಗರಿಗೆ ಅರ್ಜಿ ಕೊಟ್ಟು, ಪರಿಶೀಲನೆಗೆ ಬರಲು ಕೇಳಿಕೊಳ್ಳಿ. ಎಲ್ಲವನ್ನೂ ಗುಡಿಸಿ ಹಾಕಿದ ಮೇಲೆ ಪರಿಹಾರ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ತೇಗ, ಬೀಟೆಯಂತಹ ಮರವಾದರೆ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನೆರೆಯವರ ಮರ ನಿಮ್ಮ ಜಾಗಕ್ಕೆ ಬಿದ್ದಿದ್ದರೆ ಕೊಡಲಿಗಿಂತ ಮೊದಲು ಮಾತು. ಗಾಳಿಗೆ ಬಿದ್ದ ಒಂದು ಮರಕ್ಕಾಗಿ ವರ್ಷಗಳ ನೆರೆಹೊರೆ ಕೆಡಬಾರದು.

ಉಳಿದುದನ್ನು ಉಳಿಸಿ

ಹಲಸಿನ ಕಾಂಡವನ್ನು ಸೌದೆಗೆಂದು ಸೀಳುವ ಮೊದಲು ಬಡಗಿಗೆ ತೋರಿಸಿ. ಅದರ ಹಳದಿ ತಿರುಳು ಬಾಗಿಲು, ದಾರಂದಕ್ಕೆ ಬರುತ್ತದೆ. ತೆಂಗಿನ ಕಾಂಡವನ್ನು ಮಾತ್ರ ತೋಟದಲ್ಲಿ ಕೊಳೆಯಲು ಬಿಡಬೇಡಿ. ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಮೊಟ್ಟೆಯಿಟ್ಟು, ಉಳಿದ ತೆಂಗುಗಳಿಗೂ ದಾಳಿಯಿಡುತ್ತದೆ. ಸ್ವಲ್ಪವಷ್ಟೇ ವಾಲಿದ ಎಳೆಯ ತೆಂಗನ್ನು ನಿಧಾನವಾಗಿ ಎತ್ತಿ, ಊರುಗೋಲು ಕೊಟ್ಟು, ಬುಡಕ್ಕೆ ಮಣ್ಣು ಹಾಕಿದರೆ ಬದುಕಬಹುದು. ಮರ ಬಿದ್ದು ತೆರವಾದ ಕಡೆ ಅಡಿಕೆಯ ಕಾಂಡಕ್ಕೆ ನೇರ ಬಿಸಿಲು ಬಡಿದು ಸೀಳು ಬಿಡುತ್ತದೆ. ಮಳೆಗಾಲ ಮುಗಿದೊಡನೆ ಪಡುವಣ ಬಿಸಿಲು ತಾಗುವ ಬದಿಗೆ ಸುಣ್ಣ ಬಳಿಯಿರಿ ಅಥವಾ ಸೋಗೆ ಕಟ್ಟಿ.

ಸೊಪ್ಪು, ಮಡಲುಗಳ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಾವಿರಬಹುದು. ಬಿದ್ದ ಹಾಳೆ, ಗೆರಟೆಗಳಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ. ಅವನ್ನು ಕವುಚಿ ಹಾಕಿ. ಬಾವಿಗೆ ಸೊಪ್ಪು ಬಿದ್ದಿದ್ದರೆ ತೆಗೆಸಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ.

ಎಲ್ಲ ಮುಗಿದ ಮೇಲೆ ಖಾಲಿಯಾದ ಆ ಜಾಗ ಕಣ್ಣಿಗೆ ಚುಚ್ಚುತ್ತದೆ. ಅಜ್ಜ ನೆಟ್ಟ ಮರವಾಗಿದ್ದರೆ ಮನಸ್ಸು ಇನ್ನೂ ಭಾರ. ಮಳೆ ಹಿಡಿದೊಡನೆ ಮಕ್ಕಳ ಕೈಯಿಂದಲೇ ಒಂದು ಹಲಸಿನ ಗಿಡ ನೆಡಿಸಿ. ಈ ಬಾರಿ ಮಾಡಿನಿಂದಲೂ ತಂತಿಯಿಂದಲೂ ಸ್ವಲ್ಪ ದೂರದಲ್ಲಿ.