ಎಲ್‌ಇಡಿ ಟಾರ್ಚಿನ ಬ್ಯಾಟರಿ

ಎಲ್‌ಇಡಿ ಟಾರ್ಚಿನ ಬ್ಯಾಟರಿ ಎಂದರೆ ಬೆಳಕು ಹೊರಸೂಸುವ ಡಯೋಡನ್ನು (ಎಲ್‌ಇಡಿ) ಬಳಸುವ ಕೈದೀಪಕ್ಕೆ ವಿದ್ಯುತ್ತನ್ನು ಒದಗಿಸುವ ಒಂದು ಅಥವಾ ಹಲವು ವಿದ್ಯುತ್ಕೋಶಗಳು. ಕರ್ನಾಟಕದ ಹಳ್ಳಿಗಳಲ್ಲಿ ಟಾರ್ಚನ್ನೇ 'ಬ್ಯಾಟರಿ' ಎಂದೂ ಅದರೊಳಗಿನ ಕೋಶವನ್ನು 'ಶೆಲ್ಲು' ಎಂದೂ ಕರೆಯುವ ರೂಢಿಯಿದೆ. ಈ ಲೇಖನದಲ್ಲಿ ಬಿಡಿ ಕೋಶವನ್ನು 'ಸೆಲ್' ಎಂದು ಕರೆಯಲಾಗಿದೆ. ಒಂದೇ ಗಾತ್ರದ ಸೆಲ್‌ಗಳು ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಅವುಗಳ ಒಳಗಿನ ರಾಸಾಯನಿಕ ಕ್ರಿಯೆ ಬೇರೆಬೇರೆ. ಆಯ್ಕೆ ತಪ್ಪಿದರೆ ಬೆಳಕು ಬೇಗ ನಂದುತ್ತದೆ. ಕೆಲವೊಮ್ಮೆ ಟಾರ್ಚೇ ಕೆಡುತ್ತದೆ.

ಎಲ್‌ಇಡಿಗೆ ಬೇಕಾದ ವೋಲ್ಟೇಜ್

ತಂತಿಯ ಬಲ್ಬಿನ ಹಳೆಯ ಟಾರ್ಚು ಸೆಲ್ ಸೊರಗಿದಂತೆ ಕೆಂಪಗಾಗುತ್ತ ಮುನ್ಸೂಚನೆ ಕೊಡುತ್ತಿತ್ತು. ಬಿಳಿ ಎಲ್‌ಇಡಿಯ ಸ್ವಭಾವ ಬೇರೆ. ಅದು ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಅದಕ್ಕಿಂತ ಸ್ವಲ್ಪ ಕೆಳಗಿಳಿದರೂ ವಿದ್ಯುತ್ ಪ್ರವಾಹ ಬಹಳ ಕುಗ್ಗುತ್ತದೆ. ಆದ್ದರಿಂದ 1.5 ವೋಲ್ಟಿನ ಒಂದೇ ಸೆಲ್ ಇರುವ ಟಾರ್ಚಿನಲ್ಲಿ ವೋಲ್ಟೇಜನ್ನು ಏರಿಸುವ ಪುಟ್ಟ ಮಂಡಲವೊಂದಿರುತ್ತದೆ. ಎಲ್‌ಇಡಿಗೆ ಅರ್ಧ ವ್ಯಾಟ್ ಬೇಕು, ಮಂಡಲದ ದಕ್ಷತೆ ಶೇ. 80 ಎಂದುಕೊಳ್ಳೋಣ. ಆಗ ಸೆಲ್ 1.5 ವೋಲ್ಟ್‌ನಲ್ಲಿರುವಾಗ ಸುಮಾರು 0.42 ಆಂಪಿಯರ್ ಪ್ರವಾಹ ಕೊಡಬೇಕು. 1 ವೋಲ್ಟ್‌ಗೆ ಇಳಿದಾಗ ಸುಮಾರು 0.63 ಆಂಪಿಯರ್. ಸೆಲ್ ದುರ್ಬಲವಾದಷ್ಟೂ ಅದರ ಮೇಲಿನ ಹೊರೆ ಹೆಚ್ಚುತ್ತದೆ. ಚೆನ್ನಾಗಿ ಉರಿಯುತ್ತಿದ್ದ ದೀಪ ಹಠಾತ್ತನೆ ಕೈಕೊಡುವುದಕ್ಕೆ ಇದೇ ಕಾರಣ.

ಮೂರು ಸೆಲ್‌ಗಳ ಅಗ್ಗದ ಟಾರ್ಚುಗಳಲ್ಲಿ ಇಂತಹ ಮಂಡಲ ಇರುವುದು ವಿರಳ. ಒಂದು ರೋಧಕವೋ, ಅದೂ ಇಲ್ಲದಿದ್ದರೆ ಸೆಲ್‌ಗಳ ಆಂತರಿಕ ರೋಧವೋ ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ಅಲ್ಲಿ ಆಂತರಿಕ ರೋಧ ಕಡಿಮೆಯಿರುವ 'ಉತ್ತಮ' ಸೆಲ್ ಹಾಕಿದರೆ ಎಲ್‌ಇಡಿ ಅತಿಯಾಗಿ ಕಾಯಬಹುದು.

ಸೆಲ್‌ಗಳ ಬಗೆಗಳು

ಸಣ್ಣ ಟಾರ್ಚುಗಳಲ್ಲಿ ಹೆಚ್ಚಾಗಿ ಬಳಸುವುದು 14.5 ಮಿ.ಮೀ. ವ್ಯಾಸ, 50.5 ಮಿ.ಮೀ. ಉದ್ದದ ಡಬಲ್ ಎ ಸೆಲ್. ಅದರ ಮೈಮೇಲೆ ಮುದ್ರಿತವಾದ ಸಂಕೇತ ಒಳಗಿನ ವಸ್ತುವನ್ನು ತಿಳಿಸುತ್ತದೆ. 'ಆರ್6' ಎಂದಿದ್ದರೆ ಸತು-ಇಂಗಾಲ, 'ಎಲ್‌ಆರ್6' ಎಂದಿದ್ದರೆ ಕ್ಷಾರೀಯ (ಆಲ್ಕಲೈನ್), 'ಎಚ್‌ಆರ್6' ಎಂದಿದ್ದರೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್, 'ಎಫ್‌ಆರ್6' ಎಂದಿದ್ದರೆ ಒಮ್ಮೆ ಬಳಸುವ ಲಿಥಿಯಮ್.

ಸತು-ಇಂಗಾಲದ ಸೆಲ್ ಅಗ್ಗ. ಗೋಡೆ ಗಡಿಯಾರಕ್ಕೆ ಅದು ಸಾಕು. ಪ್ರಖರವಾದ ಟಾರ್ಚಿಗೆ ಸಾಲದು. ಅದರ ಸತುವಿನ ಹೊರಕವಚವೇ ಋಣಧ್ರುವವಾಗಿದ್ದು, ಬಳಕೆಯಲ್ಲಿ ಸವೆಯುತ್ತ ಕೊನೆಗೆ ತೂತಾಗಿ ಸೋರುತ್ತದೆ. ಕ್ಷಾರೀಯ ಸೆಲ್ ಹೆಚ್ಚು ಬಾಳುತ್ತದೆ, ಆದರೆ ಟಾರ್ಚಿನಲ್ಲೇ ವರ್ಷಗಟ್ಟಲೆ ಬಿಟ್ಟರೆ ಅದೂ ಸೋರಬಲ್ಲದು. ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನ ಮೇಲೆ 1.2 ವೋಲ್ಟ್ ಎಂದಿರುವುದನ್ನು ಕಂಡು ಹಲವರು ಹಿಂಜರಿಯುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ: ಕ್ಷಾರೀಯ ಸೆಲ್ ಹೊರೆ ಬಿದ್ದೊಡನೆ ಇಳಿಯತೊಡಗಿದರೆ, ಇದು ಬಹುಪಾಲು ಹೊತ್ತು 1.2 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ದಿನನಿತ್ಯ ಬಳಸುವ ಟಾರ್ಚಿಗೆ ಇದೇ ಯೋಗ್ಯ. ಅಪರೂಪಕ್ಕೆ, ತುರ್ತಿಗೆಂದು ಎತ್ತಿಡುವ ಟಾರ್ಚಿಗೆ ಲಿಥಿಯಮ್ ಸೆಲ್ ದುಬಾರಿಯಾದರೂ ಒಪ್ಪುತ್ತದೆ. ಅದು ಹಗುರ, ಸೋರುವುದು ತೀರ ಅಪರೂಪ, ಚಳಿಯಲ್ಲೂ ಕೆಲಸ ಮಾಡುತ್ತದೆ.

'14500' ಎಂಬ ಲಿಥಿಯಮ್-ಅಯಾನ್ ಸೆಲ್‌ನ ಗಾತ್ರವೂ ಹೆಚ್ಚುಕಡಿಮೆ ಡಬಲ್ ಎ ಸೆಲ್‌ನದೇ. ಆದರೆ ಅದರ ವೋಲ್ಟೇಜ್ 3.7, ಪೂರ್ಣ ಚಾರ್ಜ್ ಆದಾಗ 4.2. ತಯಾರಕರ ಸ್ಪಷ್ಟ ಸಮ್ಮತಿಯಿಲ್ಲದ ಟಾರ್ಚಿಗೆ ಇದನ್ನು ಹಾಕಬಾರದು.

ಪರೀಕ್ಷೆ

ಮಲ್ಟಿಮೀಟರಿನಿಂದ ಬಿಡಿ ಸೆಲ್‌ನ ವೋಲ್ಟೇಜ್ ಅಳೆದು 'ಚೆನ್ನಾಗಿದೆ' ಎಂದುಬಿಡುವುದು ಸಾಮಾನ್ಯ ತಪ್ಪು. ಮೀಟರು ಸೆಲ್‌ನಿಂದ ಎಳೆಯುವ ಪ್ರವಾಹ ನಗಣ್ಯ. ಕುಳಿತಲ್ಲೇ ಇರುವವನ ನಾಡಿ ಹಿಡಿದು ಅವನು ಬೆಟ್ಟ ಹತ್ತಬಲ್ಲನೆಂದು ಹೇಳಿದಂತಾಯಿತು. ಸೆಲ್‌ನ ಎರಡು ತುದಿಗಳಿಗೆ 10 ಓಮ್, ಅರ್ಧ ವ್ಯಾಟಿನ ರೋಧಕವನ್ನು ಜೋಡಿಸಿ, ಕೆಲವು ಸೆಕೆಂಡುಗಳ ಬಳಿಕ ಅಳೆಯಬೇಕು. ಉದಾಹರಣೆಗೆ, ಹೊರೆಯಿಲ್ಲದೆ 1.50 ವೋಲ್ಟ್ ತೋರಿದ ಕ್ಷಾರೀಯ ಸೆಲ್ ಹೊರೆಯಲ್ಲಿ 1.30ಕ್ಕೆ ಇಳಿಯಿತೆನ್ನಿ. ಆಗಿನ ಪ್ರವಾಹ 1.30 ÷ 10, ಅಂದರೆ 0.13 ಆಂಪಿಯರ್. ಒಳಗೆ ಕಳೆದುಹೋದದ್ದು 0.20 ವೋಲ್ಟ್. ಆದ್ದರಿಂದ ಆಂತರಿಕ ರೋಧ 0.20 ÷ 0.13, ಸುಮಾರು 1.5 ಓಮ್. ಹೊಸ ಕ್ಷಾರೀಯ ಸೆಲ್‌ನಲ್ಲಿ ಇದು ಒಂದು ಓಮಿಗಿಂತ ಬಹಳ ಕಡಿಮೆಯಿರುತ್ತದೆ. ಈ ಸೆಲ್ ಟಾರ್ಚಿನಿಂದ ನಿವೃತ್ತಿ ಪಡೆದು ಗಡಿಯಾರಕ್ಕೆ ಹೋಗಬಹುದು. ಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ಸೆಲ್‌ಗೆ ನೇರವಾಗಿ ಜೋಡಿಸಕೂಡದು. ಅದು ಶಾರ್ಟ್ ಸರ್ಕ್ಯೂಟ್ ಮಾಡಿದಂತೆಯೇ.

ಸೆಲ್ಲನ್ನು ನೆಲಕ್ಕೆ ಬೀಳಿಸಿ, ಪುಟಿದರೆ ಖಾಲಿಯೆಂದು ನಿರ್ಧರಿಸುವ ಉಪಾಯವೂ ಉಂಟು. ಕ್ಷಾರೀಯ ಸೆಲ್ ಬಳಕೆಯಾದಂತೆ ಒಳಗಿನ ಸತುವಿನ ಮುದ್ದೆ ಗಟ್ಟಿಯಾಗುವುದರಿಂದ ಪುಟಿತ ಹೆಚ್ಚುವುದು ನಿಜ. ಆದರೆ ಅರ್ಧ ಬಳಕೆಯ ಹೊತ್ತಿಗೇ ಪುಟಿತ ಗರಿಷ್ಠ ಮಟ್ಟ ಮುಟ್ಟುತ್ತದೆಂದು 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಪುಟಿದ ಸೆಲ್ 'ಹೊಸದಲ್ಲ' ಎನ್ನಬಹುದೇ ಹೊರತು 'ಸತ್ತಿದೆ' ಎನ್ನಲಾಗದು.

ಎರಡು ಬಗೆಯ ಸೆಲ್‌ಗಳನ್ನು ಹೋಲಿಸಲು ಒಂದೇ ಟಾರ್ಚನ್ನು ಕತ್ತಲ ಕೋಣೆಯಲ್ಲಿ ನಿಲ್ಲಿಸಿ, ಚಾವಣಿಯಿಂದ ಮರಳುವ ಬೆಳಕನ್ನು ಒಂದೇ ಜಾಗದಲ್ಲಿಟ್ಟ ಬೆಳಕುಮಾಪಕದಿಂದ ಕಾಲು ಗಂಟೆಗೊಮ್ಮೆ ಅಳೆದು ಬರೆದಿಡಬಹುದು. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಮಾನದಂಡದಂತೆ, ಬೆಳಗಿಸಿದ 30 ಸೆಕೆಂಡುಗಳ ಬಳಿಕ ಇದ್ದ ಬೆಳಕು ಅದರ ಶೇ. 10ಕ್ಕೆ ಇಳಿಯುವವರೆಗಿನ ಸಮಯವೇ 'ಬಾಳಿಕೆ'. ಪೊಟ್ಟಣದ ಮೇಲೆ ದೊಡ್ಡ ಗಂಟೆಗಳ ಲೆಕ್ಕ ಕಂಡಾಗ ಇದನ್ನು ನೆನಪಿಡಬೇಕು. ಅದರ ಬಹುಭಾಗ ಮಿಣುಕು ಬೆಳಕಿನದಾಗಿರಬಹುದು.

ಎಚ್ಚರಿಕೆಗಳು

ಸೊರಗಿದ ಸೆಲ್ಲನ್ನು ಬಿಸಿಲಿಗಿಡುವುದು ಹಳೆಯ ಅಭ್ಯಾಸ. ಬಿಸಿಗೆ ರಾಸಾಯನಿಕ ಕ್ರಿಯೆ ಚುರುಕಾಗಿ ಸೆಲ್ ಸ್ವಲ್ಪ ಹೊತ್ತು ಚೇತರಿಸಿದಂತೆ ಕಾಣುತ್ತದೆ, ಹೊಸ ಶಕ್ತಿಯೇನೂ ಸೇರುವುದಿಲ್ಲ. ಲಿಥಿಯಮ್ ಸೆಲ್‌ಗಳಿಗೆ ಹೀಗೆ ಮಾಡುವುದು ಅಪಾಯಕರ. ಹೊಸದನ್ನೂ ಹಳೆಯದನ್ನೂ ಬೆರೆಸಿ ಹಾಕಿದರೆ ದುರ್ಬಲ ಸೆಲ್ ಮೊದಲು ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಅದರ ಧ್ರುವಗಳು ತಿರುವುಮುರುವಾಗಿ ಸೋರುತ್ತದೆ. ಕ್ಷಾರೀಯ ಸೆಲ್ ಸೋರಿದಾಗ ಕಾಣುವ ಬಿಳಿ ಹುಡಿಯನ್ನು, ಕೈಗವಸು ತೊಟ್ಟು, ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಳಿಕ ಒಣಗಿಸಬೇಕು.

ಕೀಲಿಗೊಂಚಲಿನ ಪುಟ್ಟ ಟಾರ್ಚುಗಳಲ್ಲಿರುವ ನಾಣ್ಯದಾಕಾರದ ಸೆಲ್‌ಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೆ ತೀವ್ರ ಸುಟ್ಟಗಾಯವಾಗಬಲ್ಲದು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.