ಲಿಪೋಬ್ಲಾಸ್ಟೋಮಾ

ಲಿಪೋಬ್ಲಾಸ್ಟೋಮಾ ಎಂಬುದು ಶಿಶುಗಳಲ್ಲಿಯೂ ಎಳೆಯ ಮಕ್ಕಳಲ್ಲಿಯೂ ಕಂಡುಬರುವ, ಕೊಬ್ಬಿನ ಅಂಗಾಂಶದ ಒಂದು ಅಪರೂಪದ ಗೆಡ್ಡೆ. ಭ್ರೂಣಾವಸ್ಥೆಯ ಬಿಳಿ ಕೊಬ್ಬನ್ನು ಹೋಲುವ ಅಪಕ್ವ ಜೀವಕೋಶಗಳಿಂದ ಇದು ಬೆಳೆಯುತ್ತದೆ. ಇದು ಕ್ಯಾನ್ಸರ್ ಅಲ್ಲ. ದೇಹದ ಇತರ ಭಾಗಗಳಿಗೆ ಹರಡುವುದಿಲ್ಲ. ಬಹುಪಾಲು ಪ್ರಕರಣಗಳು 3 ವರ್ಷದೊಳಗಿನ ಮಕ್ಕಳಲ್ಲಿ ಪತ್ತೆಯಾಗುತ್ತವೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದರ ಪ್ರಮಾಣ ಹೆಚ್ಚು. ಈ ಹೆಸರನ್ನು 1926ರಲ್ಲಿ ಜಾಫೆ ಎಂಬ ವೈದ್ಯರು ಮೊದಲಿಗೆ ಬಳಸಿದರು.

ವಿಧಗಳು ಮತ್ತು ಲಕ್ಷಣಗಳು

ಇದರಲ್ಲಿ ಎರಡು ವಿಧಗಳಿವೆ. ತೆಳುವಾದ ಕವಚದೊಳಗೆ ಸೀಮಿತವಾಗಿರುವ ಗೆಡ್ಡೆಯನ್ನು ಲಿಪೋಬ್ಲಾಸ್ಟೋಮಾ ಎಂದೂ, ಸ್ಪಷ್ಟ ಅಂಚಿಲ್ಲದೆ ಸ್ನಾಯುಗಳ ನಡುವೆ ವ್ಯಾಪಿಸುವುದನ್ನು ಲಿಪೋಬ್ಲಾಸ್ಟೊಮಟೋಸಿಸ್ ಎಂದೂ ಕರೆಯುತ್ತಾರೆ. ಕೈಕಾಲು ಮತ್ತು ಮುಂಡದಲ್ಲಿ ಹೆಚ್ಚಾಗಿ ಮೂಡುವ ಈ ಗೆಡ್ಡೆ ಸಾಮಾನ್ಯವಾಗಿ ಮೃದುವಾಗಿದ್ದು, ನೋವನ್ನುಂಟುಮಾಡದೆ ವೇಗವಾಗಿ ಬೆಳೆಯುತ್ತದೆ. ಕುತ್ತಿಗೆ ಅಥವಾ ಎದೆಗೂಡಿನಲ್ಲಿ ಬೆಳೆದರೆ ಶ್ವಾಸನಾಳವನ್ನು ಒತ್ತಿ ಉಸಿರಾಟಕ್ಕೆ ತೊಂದರೆಯಾಗಬಹುದು. ಹೊಟ್ಟೆಯಲ್ಲಿ ಬೆಳೆದರೆ ಹೊಟ್ಟೆ ಉಬ್ಬಬಹುದು.

ರೋಗನಿರ್ಣಯ

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಗೆಡ್ಡೆಯ ಸ್ವರೂಪವನ್ನೂ, ಎಂ.ಆರ್.ಐ. ಚಿತ್ರಣದಿಂದ ಅದರ ವಿಸ್ತಾರ ಹಾಗೂ ನರ ಮತ್ತು ರಕ್ತನಾಳಗಳೊಡನೆ ಅದಕ್ಕಿರುವ ಸಂಬಂಧವನ್ನೂ ತಿಳಿಯಬಹುದು. ಎಳೆಯ ಶಿಶುಗಳಲ್ಲಿ ಗೆಡ್ಡೆಯಲ್ಲಿ ಕೊಬ್ಬಿಗಿಂತ ಲೋಳೆಯಂತಹ ಅಂಶವೇ ಅಧಿಕವಾಗಿರಬಹುದು. ಆಗ ಅದು ಲಿಪೋಸಾರ್ಕೋಮಾ ಎಂಬ ಕ್ಯಾನ್ಸರ್ ಗೆಡ್ಡೆಯಂತೆ ಕಾಣುವುದರಿಂದ ಚಿತ್ರಣವೊಂದನ್ನೇ ನಂಬಿ ತೀರ್ಮಾನಿಸಲಾಗದು. ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆಯೇ ನಿರ್ಣಾಯಕ. ನಾರಿನ ಪರದೆಗಳಿಂದ ವಿಭಾಗಗೊಂಡ ಕಿರುಹಾಲೆಗಳು ಮತ್ತು ಬೆಳವಣಿಗೆಯ ವಿವಿಧ ಹಂತಗಳಲ್ಲಿರುವ ಕೊಬ್ಬಿನ ಕೋಶಗಳು ಇದರ ಗುರುತು. ಅನೇಕ ಪ್ರಕರಣಗಳಲ್ಲಿ 8ನೆಯ ವರ್ಣತಂತುವಿನಲ್ಲಿರುವ ಪಿ.ಎಲ್.ಎ.ಜಿ.1 ಜೀನಿನ ಮರುಜೋಡಣೆ ಕಂಡುಬರುತ್ತದೆ. ಲಿಪೋಸಾರ್ಕೋಮಾ ಎಳೆಯ ಮಕ್ಕಳಲ್ಲಿ ಅತಿ ವಿರಳ. ಆದರೂ ಇವೆರಡನ್ನು ಬೇರ್ಪಡಿಸಿ ಗುರುತಿಸುವುದರಿಂದ ಮಗುವಿಗೆ ಅನವಶ್ಯಕವಾದ ಉಗ್ರ ಚಿಕಿತ್ಸೆ ತಪ್ಪುತ್ತದೆ.

ಶಸ್ತ್ರಚಿಕಿತ್ಸೆ

ಗೆಡ್ಡೆಯನ್ನು ಸಂಪೂರ್ಣವಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಕವಚವುಳ್ಳ ಗೆಡ್ಡೆಯನ್ನು ಸುತ್ತಲಿನ ಅಂಗಾಂಶದಿಂದ ಬಿಡಿಸಿ ಹೊರತೆಗೆಯುವುದು ಸಾಮಾನ್ಯವಾಗಿ ಸುಲಭ. ವ್ಯಾಪಿಸಿದ ಗೆಡ್ಡೆ ನರಗಳನ್ನು ಸುತ್ತುವರಿದಿದ್ದಾಗ ಮಾತ್ರ ಶಸ್ತ್ರವೈದ್ಯರು ಎಚ್ಚರಿಕೆಯಿಂದ ತೂಗಿ ನೋಡಬೇಕಾಗುತ್ತದೆ: ಅಲ್ಪಭಾಗ ಉಳಿದರೆ ಗೆಡ್ಡೆ ಮತ್ತೆ ಬೆಳೆಯಬಹುದು, ನರ ತುಂಡಾದರೆ ಅಂಗವೇ ಊನವಾಗಬಹುದು. ಗೆಡ್ಡೆ ನಿರಪಾಯಕಾರಿಯಾದುದರಿಂದ ಅಂಗದ ಕಾರ್ಯವನ್ನು ಉಳಿಸಿಕೊಳ್ಳುವುದಕ್ಕೆ ಆದ್ಯತೆ ನೀಡಲಾಗುತ್ತದೆ. ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯ ಅಗತ್ಯವಿಲ್ಲ.

ಮರುಕಳಿಕೆ

ಅಪೂರ್ಣವಾಗಿ ತೆಗೆದ ಗೆಡ್ಡೆಗಳು, ಅದರಲ್ಲೂ ವ್ಯಾಪಿಸುವ ವಿಧದವು, ಮರುಕಳಿಸುವ ಸಂಭವ ಹೆಚ್ಚು. ಇದು ಕೆಲವು ವರ್ಷಗಳ ನಂತರವೂ ಆಗಬಹುದಾದುದರಿಂದ ಮಗುವನ್ನು ದೀರ್ಘಕಾಲ ನಿಯಮಿತವಾಗಿ ತಪಾಸಣೆಗೆ ಒಳಪಡಿಸಬೇಕು. ಮರುಕಳಿಸಿದ ಗೆಡ್ಡೆಯನ್ನು ಮತ್ತೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಕೆಲವೊಮ್ಮೆ ಅಪಕ್ವ ಕೋಶಗಳು ಕಾಲಕ್ರಮೇಣ ಬಲಿತು, ಗೆಡ್ಡೆಯು ಸಾಮಾನ್ಯ ಲಿಪೋಮಾ ಆಗಿ ಪರಿವರ್ತನೆ ಹೊಂದುವುದೂ ಉಂಟು.