ಗುಣವಾದ ಮಗು ಪಾಠದಲ್ಲಿ ಹಿಂದೆ ಬಿದ್ದರೆ

ನಾಲ್ಕನೇ ತರಗತಿಯ ಆ ಹುಡುಗಿಗೆ ಮದ್ರಸದಲ್ಲಿ ಒಂದೇ ಸಣ್ಣ ಸೂರಃ ಕಲಿಸಲು ಮೂರು ವಾರ ಹಿಡಿಯಿತು. ಇಂದು ತಪ್ಪಿಲ್ಲದೆ ಓದಿದ್ದು ನಾಳೆಗೆ ಇರುತ್ತಿರಲಿಲ್ಲ. ಉಳಿದವರು ಬೋರ್ಡಿನಲ್ಲಿದ್ದುದನ್ನು ಬರೆದು ಮುಗಿಸುವಾಗ ಅವಳದು ಎರಡೇ ಸಾಲು. ಒಂದು ದಿನ ಎಲ್ಲರೆದುರು ‘ಸೋಮಾರಿ’ ಎಂದು ಗದರಿಸಿಬಿಟ್ಟೆ.

ಮರುದಿನ ಅವಳ ತಾಯಿ ಬಂದು ಮೆಲ್ಲಗೆ ಹೇಳಿದರು: “ಟೀಚರ್, ಇವಳಿಗೆ ನಾಲ್ಕು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು. ಎರಡೂವರೆ ವರ್ಷ ಮದ್ದು ಮಾಡಿದೆವು. ಅಲ್‌ಹಮ್ದುಲಿಲ್ಲಾಹ್, ಈಗ ಏನೂ ಇಲ್ಲ. ಶಾಲೆಯಲ್ಲೂ ಹೇಳಿಲ್ಲ. ಹೆಣ್ಣು ಮಗು, ನಾಳೆ ಮದುವೆ ಮಾತು ಬರುವಾಗ ಕಷ್ಟ ಅಲ್ಲವಾ?” ಆ ಕಾಯಿಲೆಗೂ ಈ ಮರೆವಿಗೂ ಸಂಬಂಧವಿರಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಬಿ.ಎ. ಓದಿದ ನನಗೂ ಗೊತ್ತಿರಲಿಲ್ಲ. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರ ಕಣಗಳು ಮೆದುಳಿನ ಸುತ್ತಲಿನ ದ್ರವದಲ್ಲಿ ಅಡಗಿರಬಹುದು. ರಕ್ತಕ್ಕೆ ಕೊಟ್ಟ ಮದ್ದು ಅಲ್ಲಿಗೆ ಸರಿಯಾಗಿ ತಲಪದ ಕಾರಣ, ಬೆನ್ನಿಗೆ ಸೂಜಿ ಹಾಕಿ ಮೆಥೊಟ್ರೆಕ್ಸೇಟ್‌ನಂತಹ ಮದ್ದನ್ನು ಆ ದ್ರವಕ್ಕೇ ಸೇರಿಸುತ್ತಾರೆ. ಹಿಂದೆ ತಲೆಗೆ ರೇಡಿಯೇಶನ್ ಕೂಡ ಕೊಡುತ್ತಿದ್ದರು. ಅದು ಜೀವ ಉಳಿಸಿತು, ಆದರೆ ಕಲಿಯುವ ಶಕ್ತಿಗೆ ಪೆಟ್ಟು ಕೊಡುತ್ತದೆಂದು ತಿಳಿದ ಮೇಲೆ ವೈದ್ಯರು ಕಡಿಮೆ ಮಾಡುತ್ತಾ ಬಂದರು. ಅದಿಲ್ಲದೆಯೂ ಈ ರೋಗ ಗುಣಪಡಿಸಬಹುದೆಂದು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ವೈದ್ಯರು 2009ರಲ್ಲಿ ವರದಿ ಮಾಡಿದರು. ಮೆದುಳಿನ ಗಡ್ಡೆಗೆ ಮಾತ್ರ ಇಂದಿಗೂ ಅನೇಕ ಸಲ ರೇಡಿಯೇಶನ್ ಬೇಕಾಗುತ್ತದೆ. ತೊಂದರೆ ಹೆಚ್ಚಾಗಿ ಉಳಿಯುವುದೂ ಆ ಮಕ್ಕಳಲ್ಲೇ.

ವಿದ್ಯುತ್ ತಂತಿಗೆ ಇರುವಂತೆ ಮೆದುಳಿನ ನರತಂತುಗಳಿಗೂ ಒಂದು ಹೊದಿಕೆ ಇದೆ. ಎಳೆಯ ಪ್ರಾಯದಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ಚಿಕಿತ್ಸೆಯಿಂದ ಅದಕ್ಕೆ ಹಾನಿಯಾದರೆ ಯೋಚನೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ಹೇಳಿದ ಮೂರು ಮಾತಿನಲ್ಲಿ ಒಂದೇ ನೆನಪಲ್ಲಿ ಉಳಿಯುತ್ತದೆ. ಗಣಿತ ಕಷ್ಟವಾಗುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ಚಿಕಿತ್ಸೆ ಮುಗಿದು ಕೆಲವು ವರ್ಷಗಳ ನಂತರ, ಪಾಠ ಕಠಿಣವಾಗುವಾಗ ಇದು ಮೆಲ್ಲನೆ ಕಾಣಿಸಬಹುದು. ಆಗ ಹಳೆಯ ಕಾಯಿಲೆ ಯಾರ ನೆನಪಿಗೂ ಬರುವುದಿಲ್ಲ. ಬೈಗುಳ ಮಾತ್ರ ಮಗುವಿನ ಪಾಲಿಗೆ.

ಇದನ್ನು ಓದಿ ಯಾರೂ ಚಿಕಿತ್ಸೆಗೆ ಹೆದರಬೇಡಿ. ಅದನ್ನು ಅರ್ಧಕ್ಕೆ ಬಿಟ್ಟರೆ ಮಗುವಿನ ಜೀವಕ್ಕೇ ಅಪಾಯ. ಆಸ್ಪತ್ರೆಯ ಕಾಗದಪತ್ರ ಜೋಪಾನವಾಗಿಡಿ. ಮಗು ಓದಿನಲ್ಲಿ ಹಿಂದೆ ಬೀಳುತ್ತಿದೆಯೆಂದು ಅನಿಸಿದರೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಿಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಮಗುವಿನ ಗಮನ, ನೆನಪು, ಕಲಿಕೆಯನ್ನು ಪರೀಕ್ಷಿಸುವ ತಜ್ಞರಿದ್ದಾರೆ. ಕೆಲವು ಮದ್ದುಗಳಿಂದ ಕಿವಿಯೂ ಮಂದವಾಗುವುದುಂಟು, ಅದನ್ನೂ ನೋಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು.

ಇದಕ್ಕೆಲ್ಲ ಮೊದಲು ಶಾಲೆಗೆ ಗೊತ್ತಿರಬೇಕಲ್ಲ! ಊರಿಗೆಲ್ಲ ಸಾರಬೇಕಾಗಿಲ್ಲ, ಕಲಿಸುವವರಿಗೆ ತಿಳಿದರೆ ಸಾಕು. ಆ ತಾಯಿಯನ್ನು ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. ಕೊನೆಗೆ ಇಬ್ಬರೂ ಹೋಗಿ ಕ್ಲಾಸ್ ಟೀಚರಿಗೆ ಹೇಳಿದೆವು. ಈಗ ಹುಡುಗಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಬೋರ್ಡಿನಿಂದ ಬರೆಯುವ ಬದಲು ಅವಳಿಗೆ ಝೆರಾಕ್ಸ್ ಪ್ರತಿ ಸಿಗುತ್ತದೆ. ನನ್ನ ಬಳಿ ದಿನಕ್ಕೆ ಒಂದೇ ಆಯತ್, ಮೊದಲು ನಿನ್ನೆಯದು, ಆಮೇಲೆ ಇಂದಿನದು. ಗದರಿಸಿದ್ದಕ್ಕೆ ಅವಳಲ್ಲಿ ಕ್ಷಮೆ ಕೇಳಿದೆ. “ಯಾವಾಗ ಟೀಚರ್?” ಎಂದಳು. ಅವಳಿಗೆ ಅದೂ ಮರೆತಿತ್ತೋ, ನನ್ನನ್ನು ಉಳಿಸಿದಳೋ ಗೊತ್ತಿಲ್ಲ.